ಒತ್ತಡ ಖಿನ್ನತೆಯಾಗದಂತೆ ನೋಡಿಕೊಳ್ಳುವುದು ಹೇಗೆ? ಉತ್ತರ ಕನ್ನಡದ ಮನೆಗಳಿಗೊಂದು ಮಾರ್ಗದರ್ಶಿ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಬೈತಖೋಲ, ಅಂಕೋಲಾದ ಬೇಲೇಕೇರಿ, ಕುಮಟಾದ ತದಡಿ, ಹೊನ್ನಾವರ, ಭಟ್ಕಳ, ಎಲ್ಲ ಕಡೆ 61 ದಿನ ದುಡಿಮೆ ನಿಲ್ಲುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಅದೇ ಹೊತ್ತಿಗೆ ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ಕೊಳೆರೋಗದ ಭಯ. ಮಳೆ ಬಿಡುವು ಕೊಡದಿದ್ದರೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ಆಗುವುದಿಲ್ಲ. ಬಿಡುವು ಕೊಟ್ಟ ದಿನ ಮರ ಹತ್ತುವ ಕೊನೆಗೌಡರು ಸಿಗುವುದಿಲ್ಲ. ಮಕ್ಕಳು ಬೆಂಗಳೂರಿನಲ್ಲಿ, ಊರಲ್ಲಿ ಇಬ್ಬರೇ ವಯಸ್ಸಾದವರು, ಹೊರಗೆ ಮೂರು ದಿನದಿಂದ ಕರೆಂಟಿಲ್ಲದ ಮಳೆ. ಇಂಥ ಮನೆಗಳು ಒಂದೆರಡಲ್ಲ.

ಇಷ್ಟು ಒತ್ತಡದ ನಡುವೆಯೂ ಎಲ್ಲರಿಗೂ ಖಿನ್ನತೆ ಬರುವುದಿಲ್ಲ. ಒಂದೇ ಬೋಟಿನಲ್ಲಿ ದುಡಿಯುವ ಇಬ್ಬರಲ್ಲಿ ಒಬ್ಬರು ಆಗಸ್ಟ್ ಬರುವಷ್ಟರಲ್ಲಿ ಮತ್ತೆ ಬಲೆ ಹಿಡಿಯುತ್ತಾರೆ, ಇನ್ನೊಬ್ಬರಿಗೆ ಹಾಸಿಗೆಯಿಂದ ಏಳುವುದೇ ಬೇಡ ಅನ್ನಿಸುತ್ತದೆ. ಯಾಕೆ ಹೀಗೆ? ಒತ್ತಡಕ್ಕೂ ಖಿನ್ನತೆಗೂ ನಡುವೆ ಒಂದು ಜಾಗ ಇದೆ. ಒಳಗೆ ಎದ್ದ ಭಾವನೆಯನ್ನು ನಾವು ಏನು ಮಾಡುತ್ತೇವೆ ಎನ್ನುವುದು ಆ ಜಾಗದಲ್ಲಿ ನಡೆಯುತ್ತದೆ. ಅದನ್ನೇ ಮತ್ತೆ ಮತ್ತೆ ತಿರುವಿ ಹಾಕುತ್ತೇವಾ, ಯಾರಿಗೂ ಕಾಣದಂತೆ ಮುಚ್ಚಿಡುತ್ತೇವಾ, ಬಾಟಲಿಯಲ್ಲಿ ಮುಳುಗಿಸುತ್ತೇವಾ, ಅಥವಾ ಗುರುತಿಸಿ ಒಂದು ಸಣ್ಣ ಹೆಜ್ಜೆ ಇಡುತ್ತೇವಾ? ನಮ್ಮ ಕೈಗೆ ಜಾಸ್ತಿ ಎಟುಕುವುದು ಈ ಜಾಗವೇ. ಈ ಲೇಖನದಲ್ಲಿ ಹೇಳಹೊರಟಿರುವುದೂ ಅದನ್ನೇ.

ಮೊದಲೇ ಒಂದು ಮಾತು. ಖಿನ್ನತೆ ಬಂದವರೆಲ್ಲ ಒತ್ತಡ ನಿಭಾಯಿಸಲು ಬಾರದವರು ಅಂತ ದಯವಿಟ್ಟು ತಿಳಿಯಬೇಡಿ. ಮನೆತನದಲ್ಲಿ ಬರುವ ಒಲವು, ಹೆರಿಗೆಯ ನಂತರದ ಬದಲಾವಣೆ, ಥೈರಾಯ್ಡ್ ತೊಂದರೆ, ಬಹುಕಾಲದ ನೋವು, ಬಡತನ, ಮನೆಯೊಳಗಿನ ಹಿಂಸೆ, ಎಲ್ಲಕ್ಕೂ ಪಾಲಿದೆ. ಎಷ್ಟು ಗಟ್ಟಿಯಾದವರಿಗೂ ಇದು ಬರಬಹುದು. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಸುಮಾರು 20 ವಯಸ್ಕರಲ್ಲಿ ಒಬ್ಬರು ಬದುಕಿನಲ್ಲಿ ಯಾವಾಗಲಾದರೂ ಖಿನ್ನತೆ ಅನುಭವಿಸಿರುತ್ತಾರೆ. ಚಿಕಿತ್ಸೆ ಸಿಗದೇ ಉಳಿಯುವವರೇ ಅವರಲ್ಲಿ ಬಹಳ.

ಹಂತ 1: ಈಗ ಎಲ್ಲಿದ್ದೀರಿ ನೋಡಿಕೊಳ್ಳಿ

ದುಃಖಕ್ಕೆ ಕಾರಣ ಇರುತ್ತದೆ, ಅಲೆಗಳ ಹಾಗೆ ಬಂದು ಹೋಗುತ್ತದೆ. ನಡುವೆ ಮೊಮ್ಮಗ ಏನೋ ಅಂದರೆ ನಗು ಬರುತ್ತದೆ, ಬಂಗಡೆ ಸಾರಿನ ಪರಿಮಳಕ್ಕೆ ಹಸಿವಾಗುತ್ತದೆ. ಖಿನ್ನತೆಯಲ್ಲಿ ಈ ಬಂದುಹೋಗುವಿಕೆಯೇ ಕಡಿಮೆಯಾಗುತ್ತದೆ. ಬೆಲ್ಜಿಯಂನ ಮನಶ್ಶಾಸ್ತ್ರಜ್ಞ ಪೀಟರ್ ಕುಪ್ಪನ್ಸ್ ಮತ್ತು ಸಂಗಡಿಗರು ಇದನ್ನು ಭಾವನೆಯ ಜಡತೆ ಎಂದು ಕರೆದು ಅಧ್ಯಯನ ಮಾಡಿದ್ದಾರೆ. ಬೆಳಿಗ್ಗೆ ಇದ್ದ ಭಾವನೆಯೇ ಮಧ್ಯಾಹ್ನಕ್ಕೂ ಸಂಜೆಗೂ ಅಂಟಿಕೊಂಡೇ ಇರುತ್ತದೆ, ಹೊರಗಡೆ ಏನೇ ನಡೆದರೂ ಅಲುಗುವುದಿಲ್ಲ. ಹೀಗಾಗಿ ಖಿನ್ನತೆ ಇರುವವರು ಅಳುತ್ತಲೇ ಇರಬೇಕೆಂದಿಲ್ಲ. "ಅಳುವೂ ಬರ್ತಿಲ್ಲ, ಏನೂ ಅನ್ನಿಸ್ತಿಲ್ಲ" ಎನ್ನುವವರ ಬಗ್ಗೆ ಇನ್ನೂ ಜಾಸ್ತಿ ಎಚ್ಚರ ಬೇಕು.

ಆಸ್ಪತ್ರೆಗಳಲ್ಲಿ ಬಳಸುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಇದಕ್ಕೆ ಒಳ್ಳೆಯ ಅಳತೆಗೋಲು. ಕಳೆದ ಎರಡು ವಾರವನ್ನು ನೆನೆದು ಒಂಬತ್ತು ಪ್ರಶ್ನೆಗೆ ಉತ್ತರಿಸಬೇಕು: ಮಾಡುತ್ತಿದ್ದ ಕೆಲಸದಲ್ಲಿ ಆಸಕ್ತಿ ಹೋಗಿದೆಯಾ, ಮನಸ್ಸು ಕುಗ್ಗಿದೆಯಾ, ನಿದ್ದೆ ಕೆಟ್ಟಿದೆಯಾ ಅಥವಾ ಅತಿಯಾಗಿದೆಯಾ, ಸುಸ್ತು ಇದೆಯಾ, ಊಟ ಏರುಪೇರಾಗಿದೆಯಾ, ನಾನು ಪ್ರಯೋಜನವಿಲ್ಲದವನು ಎನ್ನಿಸುತ್ತದೆಯಾ, ಗಮನ ನಿಲ್ಲುತ್ತಿಲ್ಲವಾ, ನಡೆನುಡಿ ನಿಧಾನವಾಗಿದೆಯಾ ಅಥವಾ ಚಡಪಡಿಕೆ ಇದೆಯಾ, ಸತ್ತರೆ ಒಳ್ಳೆಯದು ಎಂಬ ಯೋಚನೆ ಬರುತ್ತದೆಯಾ. ಇಲ್ಲವೇ ಇಲ್ಲ ಎಂದರೆ 0, ಕೆಲವು ದಿನ ಎಂದರೆ 1, ಅರ್ಧಕ್ಕಿಂತ ಹೆಚ್ಚು ದಿನ ಎಂದರೆ 2, ಹೆಚ್ಚುಕಮ್ಮಿ ದಿನವೂ ಎಂದರೆ 3. ಒಟ್ಟು 27ರಲ್ಲಿ 10 ಅಥವಾ ಹೆಚ್ಚು ಬಂದರೆ ವೈದ್ಯರನ್ನು ನೋಡಬೇಕು. ಕೊನೆಯ ಪ್ರಶ್ನೆಗೆ 0 ಬಿಟ್ಟು ಬೇರೇನೇ ಬಂದರೂ, ಒಟ್ಟು ಎಷ್ಟೇ ಇರಲಿ, ಇವತ್ತೇ ಯಾರೊಡನಾದರೂ ಮಾತಾಡಿ. ಇದು ಕಾಯಿಲೆ ಇದೆ ಎಂದು ತೀರ್ಮಾನಿಸುವ ಪರೀಕ್ಷೆ ಅಲ್ಲ. ಹೋಗಬೇಕಾ ಬೇಡವಾ ಎಂದು ತಿಳಿಸುವಷ್ಟರದ್ದು.

ನಮ್ಮ ಕಡೆಯ ಜನ ಮನಸ್ಸಿನ ಸಂಕಟವನ್ನು ಮೈಯ ಮೂಲಕವೇ ಹೇಳುವುದು ಜಾಸ್ತಿ. ಎದೆ ಭಾರ, ಗ್ಯಾಸು, ಮೈ ಉರಿ, ತಲೆ ಜುಂ, ಸೊಂಟ ನೋವು ಅಂತ ವರ್ಷಗಟ್ಟಲೆ ಮಾತ್ರೆ ನುಂಗುತ್ತಾರೆ. ಎಲ್ಲ ರಿಪೋರ್ಟೂ ಸರಿ ಇದ್ದು ನೋವು ಹೋಗದಿದ್ದರೆ ಈ ಒಂಬತ್ತು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಬಾಣಂತಿಯರ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೆರಿಗೆಯಾದ ಮೊದಲ ಕೆಲವು ದಿನ ಸುಮ್ನೆ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿಯೂ ಹಾಗೇ ಇದ್ದರೆ "ಬಾಣಂತನದಲ್ಲಿ ಹಾಗೇ" ಎಂದು ಬಿಡಬೇಡಿ, ತೋರಿಸಿ.

ಹಂತ 2: ಏನು ಅನ್ನಿಸುತ್ತಿದೆ, ಬಿಡಿಸಿ ಹೇಳಿ

ಖಿನ್ನತೆ ಇರುವವರ ದಿನದಿನದ ಭಾವನೆಗಳನ್ನು ಗಮನಿಸಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅವರಿಗೆ ಕೋಪ, ನಾಚಿಕೆ, ಭಯ, ದುಃಖ ಎಲ್ಲ ಒಂದರೊಳಗೊಂದು ಕಲಸಿಕೊಂಡೇ ಅನುಭವಕ್ಕೆ ಬರುತ್ತಿತ್ತು. ಇದು ಕೇಳಲು ಸಣ್ಣ ವಿಷಯ, ಆದರೆ ಕೆಲಸದ ವಿಷಯ. ಭಯಕ್ಕೆ ಮಾಡಬೇಕಾದ್ದು ಬೇರೆ, ಕೋಪಕ್ಕೆ ಮಾಡಬೇಕಾದ್ದು ಬೇರೆ. ಎಲ್ಲವೂ ಒಂದೇ ಕಪ್ಪು ಮುದ್ದೆಯಾದರೆ ಏನು ಮಾಡಬೇಕೆಂದೇ ತೋಚುವುದಿಲ್ಲ.

ದಿನಕ್ಕೊಮ್ಮೆ, ಸಂಜೆ ಚಹಾ ಹೊತ್ತಿಗೆ ಅಂತ ಇಟ್ಟುಕೊಳ್ಳಿ. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಿರಿ: ಏನಾಯಿತು, ಏನನ್ನಿಸಿತು, ಮೈಯಲ್ಲಿ ಎಲ್ಲಿ ಗೊತ್ತಾಯಿತು. "ಸೊಸೈಟಿಯಿಂದ ನೋಟಿಸು ಬಂತು. ಮೊದಲು ಭಯ, ಆಮೇಲೆ ತಮ್ಮ ತನ್ನ ಪಾಲು ಕೊಡದಿದ್ದಕ್ಕೆ ಸಿಟ್ಟು, ಊರಲ್ಲಿ ಗೊತ್ತಾದರೆ ಎಂಬ ನಾಚಿಕೆ. ಹೊಟ್ಟೆ ಹಿಡಿದುಕೊಂಡಿತು." ಇಷ್ಟು ಸಾಕು. ಬರೆಯಲು ಬಾರದವರು ಮೊಬೈಲಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಬಹುದು. ಮನೆಮಾತು ಕೊಂಕಣಿಯಾದರೆ ಕೊಂಕಣಿ, ಹವ್ಯಕವಾದರೆ ಹವ್ಯಕ, ನವಾಯತಿಯಾದರೆ ನವಾಯತಿ. ಒಳಗಿನದು ಮನೆಮಾತಿನಲ್ಲೇ ಸಲೀಸಾಗಿ ಹೊರಬರುತ್ತದೆ.

ಹಂತ 3: ಬದಲಿಸಬಹುದಾದ್ದನ್ನೂ ಆಗದ್ದನ್ನೂ ಬೇರೆ ಮಾಡಿ

ಒತ್ತಡದ ಬಗ್ಗೆ ಬಹಳ ಕೆಲಸ ಮಾಡಿದ ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ನಿಭಾಯಿಸುವ ದಾರಿಯನ್ನು ಎರಡಾಗಿ ವಿಂಗಡಿಸಿದರು. ಒಂದು, ತೊಂದರೆಯನ್ನೇ ಸರಿಪಡಿಸಲು ಹೊರಡುವುದು. ಇನ್ನೊಂದು, ತೊಂದರೆ ಎಬ್ಬಿಸಿದ ಭಾವನೆಯನ್ನು ಸಮಾಧಾನಕ್ಕೆ ತರುವುದು. ಎರಡೂ ಬೇಕು. ಯಾವುದಕ್ಕೆ ಯಾವುದು ಎಂದು ತಪ್ಪಿದಾಗ ಕಷ್ಟ ಶುರುವಾಗುತ್ತದೆ.

"ಪಾಸಿಟಿವ್ ಆಗಿ ಯೋಚಿಸಿ" ಎಂಬ ಉಪದೇಶ ಈಗ ಎಲ್ಲರ ವಾಟ್ಸಾಪಿನಲ್ಲಿದೆ ಅಲ್ವಾ? ಅದು ಎಲ್ಲ ಕಡೆ ಸಲ್ಲುವುದಿಲ್ಲ. ಆಲಿಸನ್ ಟ್ರಾಯ್ ಎಂಬ ಸಂಶೋಧಕಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೈಮೀರಿದ ಒತ್ತಡ ಇದ್ದವರ ಪೈಕಿ ಪರಿಸ್ಥಿತಿಯನ್ನು ಬೇರೆ ಕಣ್ಣಿನಿಂದ ನೋಡಬಲ್ಲವರಿಗೆ ಖಿನ್ನತೆಯ ಲಕ್ಷಣ ಕಡಿಮೆ ಇತ್ತು. ಕೈಯಲ್ಲೇ ಇರುವ ಒತ್ತಡದಲ್ಲಿ ಅದು ತಿರುಗುಮುರುಗಾಯಿತು: ಹಾಗೆ ಯೋಚನೆ ಬದಲಿಸಬಲ್ಲವರಿಗೇ ಲಕ್ಷಣ ಹೆಚ್ಚು. ನನಗೆ ಇದು ತುಂಬಾ ಸರಿ ಅನ್ನಿಸುತ್ತದೆ. ಕೆಲಸ ಮಾಡಿ ಸರಿಪಡಿಸಬಹುದಾದ್ದಕ್ಕೆ "ಇರಲಿ ಬಿಡು, ಒಳ್ಳೆಯದಕ್ಕೇ" ಎಂದು ಕೂತರೆ ತೊಂದರೆ ಬೆಳೆಯುತ್ತಾ ಹೋಗುತ್ತದೆ.

ಹಾಗಾಗಿ ಹಾಳೆಯ ನಡುವೆ ಗೆರೆ ಎಳೆಯಿರಿ. ಮಳೆ, ಅಡಿಕೆ ದರ, ಮೀನುಗಾರಿಕೆ ನಿಷೇಧ, ಮಗ ಊರಿಗೆ ವಾಪಸ್ ಬರದಿರುವುದು ಒಂದು ಕಡೆ. ಇನ್ನೊಂದು ಕಡೆ ನೀವು ಈ ವಾರ ಕೈ ಹಾಕಬಹುದಾದ್ದು. ಅಡಿಕೆಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ, ಕಂತು ತುಂಬುವ ಕೊನೆಯ ದಿನವನ್ನು ಸೇವಾ ಸಹಕಾರಿ ಸಂಘದಲ್ಲಿ ಮೊದಲೇ ಕೇಳಿ. ಮೀನುಗಾರರಿಗೆ ನಿಷೇಧದ ತಿಂಗಳುಗಳಿಗಾಗಿ ಉಳಿತಾಯ ಪರಿಹಾರ ಯೋಜನೆ ಇದೆ, ಮೀನುಗಾರಿಕೆ ಇಲಾಖೆಯಲ್ಲಿ ಹೆಸರು ಇದೆಯಾ ನೋಡಿ. ಸಾಲ ವಸೂಲಿಗೆ ಮನೆ ಬಾಗಿಲಲ್ಲಿ ಬಂದು ಕೂರುವ, ಬೆದರಿಸುವ ಕಿರುಸಾಲದವರಿದ್ದರೆ, ಅಂಥ ಬಲವಂತ ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು. ಪೊಲೀಸ್ ಠಾಣೆಗೆ ದೂರು ಕೊಡಬಹುದು. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡು ಒಬ್ಬರೇ ಹೊರುವ ಸಾಲವೇ ಮನೆಗಳನ್ನು ಮುಳುಗಿಸುವುದು.

ಎರಡೂ ಕಡೆ ಹಾಕಲಾಗದ ನೋವು ಒಂದಿದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಮನೆಯವರನ್ನು ಕಳೆದುಕೊಂಡವರಿಗೆ ಯೋಚನೆ ಬದಲಿಸಿ ಎಂದೂ ಹೇಳಬಾರದು, ಅರ್ಜಿ ಹಾಕಿ ಎಂದಷ್ಟೇ ಹೇಳಿ ಬರಬಾರದು. ಸಾವಿನ ದುಃಖಕ್ಕೆ ಜೊತೆಗೆ ಕೂರುವವರು ಬೇಕು, ಅದೂ ಹದಿಮೂರನೇ ದಿನ ಮುಗಿದು ನೆಂಟರೆಲ್ಲ ಹೊರಟ ಮೇಲೆ.

ಹಂತ 4: ಯೋಚನೆಯ ಮೆಲುಕನ್ನು ನಿಲ್ಲಿಸಿ

ಒತ್ತಡವನ್ನು ಖಿನ್ನತೆಗೆ ದಾಟಿಸುವ ಸಂಗತಿಗಳಲ್ಲಿ ಇದು ತುಂಬಾ ಬಲವಾದದ್ದು. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

1989ರ ಅಕ್ಟೋಬರ್ 17ರಂದು ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಭೂಕಂಪವಾಯಿತು. ಅದಕ್ಕೆ ಕೆಲವೇ ದಿನ ಮೊದಲು ಸೂಸನ್ ನೋಲೆನ್-ಹೋಕ್ಸೆಮಾ ಎಂಬ ಸಂಶೋಧಕಿ ಅಲ್ಲಿನ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ, ಬೇಸರವಾದಾಗ ನೀವು ಏನು ಮಾಡುತ್ತೀರಿ ಎಂದು ಕೇಳಿ ಬರೆಸಿಕೊಂಡಿದ್ದರು. ಭೂಕಂಪದ ನಂತರ ಅವರನ್ನೇ ಮತ್ತೆ ಕೇಳಿದರು. ಬೇಸರವನ್ನೇ ಮೆಲುಕು ಹಾಕುವ ಅಭ್ಯಾಸ ಮೊದಲಿಂದಲೂ ಇದ್ದವರಲ್ಲಿ ವಾರಗಳ ನಂತರವೂ ಖಿನ್ನತೆಯ ಲಕ್ಷಣ ಹೆಚ್ಚು ಕಂಡಿತು. ಮೊದಲೇ ಇದ್ದ ಕುಗ್ಗುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಉಳಿಯಿತು. ಎಲ್ಲರಿಗೂ ನಡುಗಿದ್ದು ಒಂದೇ ನೆಲ. ಆಮೇಲೆ ಒಳಗೆ ನಡೆದದ್ದು ಬೇರೆ ಬೇರೆ.

ಮೆಲುಕು ಹಾಕುವವರಿಗೆ ತಾವು ಸಮಸ್ಯೆ ಬಿಡಿಸುತ್ತಿದ್ದೇವೆ ಎಂದೇ ಅನ್ನಿಸುತ್ತದೆ. ಬಂದರಿನಲ್ಲಿ ಕಟ್ಟಿಹಾಕಿದ ಬೋಟಿನ ಎಂಜಿನ್ ರಾತ್ರಿಯಿಡೀ ಓಡಿಸಿದ ಹಾಗೆ ಅದು. ಸದ್ದಿದೆ, ಡೀಸೆಲ್ ಖಾಲಿಯಾಗುತ್ತಿದೆ, ಬೋಟು ಮಾತ್ರ ಇದ್ದಲ್ಲೇ ಇದೆ. ಗುರುತಿಸಲು ಒಂದು ಸುಲಭದ ಪ್ರಶ್ನೆ ಕೇಳಿಕೊಳ್ಳಿ: ಕಳೆದ ಹತ್ತು ನಿಮಿಷದ ಯೋಚನೆಯಿಂದ ನಾಳೆ ಮಾಡುವ ಒಂದಾದರೂ ಕೆಲಸ ಸಿಕ್ಕಿತಾ? ಸಿಕ್ಕಿದ್ದರೆ ಬರೆದುಕೊಂಡು ಎದ್ದೇಳಿ. ಸಿಗದಿದ್ದರೆ ಅದು ಮೆಲುಕು. ಆಗಲೂ ಎದ್ದೇಳಿ.

ಎದ್ದು ಏನು ಮಾಡುವುದು? ಕೈಯನ್ನೂ ಗಮನವನ್ನೂ ಎರಡನ್ನೂ ಹಿಡಿದಿಡುವ ಕೆಲಸ ಬೇಕು. ಟೀವಿ ಮುಂದೆ ಕೂತರೆ ಯೋಚನೆ ಹಿಂದೆಯೇ ಓಡುತ್ತಿರುತ್ತದೆ. ಮೊಬೈಲಿನಲ್ಲಿ ಬೆರಳಾಡಿಸುವುದೂ ಹಾಗೇ. ಹರಿದ ಬಲೆ ಹೆಣೆಯುವುದು, ಅಡಿಕೆ ಸುಲಿಯುವುದು, ಕೊಟ್ಟಿಗೆ ತೊಳೆಯುವುದು, ಮಲ್ಲಿಗೆ ದಂಡೆ ಕಟ್ಟುವುದು, ಪಕ್ಕದ ಮನೆಯ ಮಗುವಿಗೆ ಲೆಕ್ಕ ಹೇಳಿಕೊಡುವುದು, ಇಂಥವು ಒಳ್ಳೆಯದು. ಜಾಗ ಬದಲಿಸುವುದೂ ಸಹಾಯ ಮಾಡುತ್ತದೆ. ಸದಾ ಒಂದೇ ಮೂಲೆಯಲ್ಲಿ ಕೂತು ಕೊರಗುವ ಅಭ್ಯಾಸವಾದರೆ ಆ ಮೂಲೆಗೆ ಹೋದ ಕೂಡಲೇ ಮನಸ್ಸು ಅದನ್ನೇ ಶುರುಮಾಡುತ್ತದೆ. ಆ ಕುರ್ಚಿಯನ್ನು ಜಗುಲಿಗೆ ತಂದು ಹಾಕಿ.

ಪ್ರಶ್ನೆಯ ರೂಪವನ್ನು ಬದಲಿಸುವುದು ಇನ್ನೊಂದು ದಾರಿ. ಎಡ್ವರ್ಡ್ ವಾಟ್‌ಕಿನ್ಸ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞರ ಸಂಶೋಧನೆ ತೋರಿಸುವುದು ಇದನ್ನೇ. "ಯಾಕೆ ನನಗೇ ಹೀಗೆ?", "ನಾನು ಯಾಕೆ ಇಷ್ಟು ದುರ್ಬಲ?" ಎಂಬ ಪ್ರಶ್ನೆಗೆ ಕೊನೆಯಿಲ್ಲ. "ಸೋಮವಾರ ನಿಜವಾಗಿ ನಡೆದದ್ದೇನು?", "ಮುಂದಿನ ಸಲ ಮೊದಲು ಯಾರಿಗೆ ಫೋನ್ ಮಾಡುವುದು?" ಎಂಬ ಪ್ರಶ್ನೆಗೆ ಉತ್ತರ ಇದೆ. ಪಿಯುಸಿಯಲ್ಲಿ ಅಂಕ ಕಡಿಮೆ ಬಂದ ಮಗಳು "ನಾನು ಯಾಕೆ ಎಲ್ಲದರಲ್ಲೂ ಹೀಗೆ" ಎನ್ನುತ್ತಿದ್ದರೆ ಸಮಾಧಾನದ ಭಾಷಣ ಬೇಡ. "ಯಾವ ವಿಷಯದ ಯಾವ ಪಾಠ ಹೋಯಿತು ಕೂಸೆ, ಮುಂದಿನ ಪರೀಕ್ಷೆಗೆ ಎಷ್ಟು ದಿನ ಇದೆ ನೋಡನ" ಎಂದು ಪಕ್ಕದಲ್ಲಿ ಕೂರಿ.

ಯೋಚನೆ ಪೂರ್ತಿ ಬಿಡಿ ಎಂದರೆ ಯಾರಿಗೂ ಆಗದು. ಅದಕ್ಕೊಂದು ಹೊತ್ತು ಗೊತ್ತುಮಾಡಿ. ಸಂಜೆ ಐದರಿಂದ ಐದೂವರೆ, ಅಂಗಳದಲ್ಲಿ, ಕೈಯಲ್ಲಿ ಪೆನ್ನು ಹಿಡಿದು. ಬೇರೆ ಹೊತ್ತಿನಲ್ಲಿ ಬಂದರೆ "ಸಂಜೆ ನೋಡುವಾ" ಎಂದು ಮುಂದೂಡಿ. ಹಾಸಿಗೆಯಲ್ಲಿ ಮಾತ್ರ ಬೇಡ. ನಿದ್ದೆ ಬರದೆ ತುಂಬಾ ಹೊತ್ತಾದರೆ ಎದ್ದು ಮಂದ ಬೆಳಕಿನಲ್ಲಿ ಕೂತು, ಕಣ್ಣು ಎಳೆದಾಗ ಮಲಗಿ. ಎಷ್ಟು ಹೊತ್ತಿಗೆ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ. ಮಳೆಗಾಲದ ಕತ್ತಲಲ್ಲಿ ಇದು ಇನ್ನೂ ಮುಖ್ಯ. ಬೆಳಿಗ್ಗೆ ಎದ್ದ ಕೂಡಲೇ ಬಾಗಿಲು ತೆಗೆದು ಹೊರಗಿನ ಬೆಳಕಿನಲ್ಲಿ ಸ್ವಲ್ಪ ಹೊತ್ತು ಕೂತರೆ ದೇಹದ ಗಡಿಯಾರ ಸರಿಯಾಗಲು ಸಹಾಯ. ಮೋಡದ ದಿನದ ಬೆಳಕೂ ಒಳಗಿನ ಬಲ್ಬಿಗಿಂತ ಎಷ್ಟೋ ಪಾಲು ಜಾಸ್ತಿ.

ಹಂತ 5: ಮುಚ್ಚಿಡುವುದಕ್ಕೆ ಒಂದು ಮಿತಿ ಇಡಿ

ಮುಖದಲ್ಲಿ ತೋರಿಸದೆ ಇದ್ದರೆ ಭಾವನೆ ಕರಗುತ್ತದೆ ಎಂದು ಅನೇಕರ ನಂಬಿಕೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಗ್ರಾಸ್ ಮತ್ತು ಇತರರ ಪ್ರಯೋಗಗಳು ಬೇರೆಯದನ್ನೇ ತೋರಿಸಿವೆ. ಮುಖ ಶಾಂತವಾಗಿ ಕಂಡರೂ ಒಳಗಿನ ನೋವು ಕಡಿಮೆಯಾಗುವುದಿಲ್ಲ, ಮೈಯ ಒತ್ತಡ ಏರಬಹುದು. ಇದೇ ಅಭ್ಯಾಸವಾದವರಿಗೆ ಸಂತೋಷದ ಅನುಭವವೂ ಕಡಿಮೆ, ಆಪ್ತರೂ ಕಡಿಮೆ.

ಆದರೆ ಇದನ್ನು ನಮ್ಮ ಮನೆಗಳಿಗೆ ಹಾಗೇ ತಂದು ಹಾಕುವುದು ಸರಿಯಲ್ಲ. ಹಿರಿಯರೆದುರು ಸಿಟ್ಟು ನುಂಗುವುದು, ಮದುವೆ ಮನೆಯಲ್ಲಿ ನಗುತ್ತ ಬಡಿಸುವುದು, ಇವು ನಮಗೆ ಮರ್ಯಾದೆಯ ವಿಷಯ. ಇನ್ನೊಬ್ಬರ ಮೇಲಿನ ಕಾಳಜಿಯಿಂದ ಹಾಗೆ ತಡೆದುಕೊಳ್ಳುವುದು ರೂಢಿಯಾಗಿರುವ ಸಮಾಜಗಳಲ್ಲಿ ಅದರ ಹಾನಿ ಅಷ್ಟಿಲ್ಲ ಎನ್ನುವ ಅಧ್ಯಯನಗಳೂ ಇವೆ. ಎಲ್ಲರೆದುರೂ, ಎಲ್ಲ ದಿನವೂ, ವರ್ಷಗಟ್ಟಲೆ ಮುಚ್ಚಿಡುವುದು ಅಪಾಯ. ಒಬ್ಬರೆದುರಾದರೂ ತೆರೆದುಕೊಳ್ಳಿ. ಅಕ್ಕ, ಭಾವ, ಬೋಟಿನ ಜೊತೆಗಾರ, ಸ್ವಸಹಾಯ ಸಂಘದ ಗೆಳತಿ, ಯಾರಾದರೂ ಸರಿ. "ಪರಿಹಾರ ಬೇಡ, ಸ್ವಲ್ಪ ಕೇಳಿಸಿಕೊ ಸಾಕು" ಎಂದು ಮೊದಲೇ ಹೇಳಿದರೆ ಕೇಳುವವರಿಗೂ ಹಗುರ.

ಗಂಡಸರ ವಿಷಯ ಬೇರೆಯಾಗಿ ಹೇಳಬೇಕು. ಅವರಲ್ಲಿ ಇದು ಅಳುವಾಗಿ ಕಾಣದೆ ಸಿಡುಕಾಗಿ, ಕುಡಿತವಾಗಿ ಕಾಣುವುದುಂಟು. ಗಡಿಯಾಚೆ ಗೋವಾದಲ್ಲಿ ಮದ್ಯ ಅಗ್ಗ, ನಿಷೇಧದ ತಿಂಗಳಲ್ಲಿ ಕೈಗೆ ಕೆಲಸವಿಲ್ಲ. ಕುಡಿದ ಹೊತ್ತಿಗೆ ಭಾರ ಇಳಿದಂತಾಗುತ್ತದೆ. ಆದರೆ ಮದ್ಯ ಮಿದುಳನ್ನು ಮಂಕು ಮಾಡುವ ವಸ್ತು. ರಾತ್ರಿಯ ಆಳವಾದ ನಿದ್ದೆಯನ್ನು ಕೆಡಿಸುತ್ತದೆ, ಮರುದಿನದ ಮನಸ್ಸನ್ನು ಇನ್ನಷ್ಟು ಕುಗ್ಗಿಸುತ್ತದೆ. ದಿನವೂ ಜಾಸ್ತಿ ಕುಡಿಯುತ್ತಿದ್ದವರು ಒಮ್ಮೆಗೇ ಪೂರ್ತಿ ನಿಲ್ಲಿಸುವುದೂ ಅಪಾಯಕಾರಿ. ವೈದ್ಯರ ಸಲಹೆಯಲ್ಲೇ ಬಿಡಬೇಕು.

ಹಂತ 6: ಮನಸ್ಸು ಬರಲಿ ಎಂದು ಕಾಯಬೇಡಿ

ಖಿನ್ನತೆ ಶುರುವಾಗುವಾಗ ಮೊದಲು ಹೋಗುವುದು ಉತ್ಸಾಹ. ತಾಳಮದ್ದಳೆಗೆ ಹೋಗುವುದು ಬಿಟ್ಟುಹೋಗುತ್ತದೆ, ಆಮೇಲೆ ಭಜನೆ, ಆಮೇಲೆ ಪೇಟೆ, ಆಮೇಲೆ ಸ್ನಾನ. ಬಿಟ್ಟಷ್ಟೂ ಸಂತೋಷದ ಅವಕಾಶ ಕಡಿಮೆ, ಕಡಿಮೆಯಾದಷ್ಟೂ ಮನಸ್ಸು ಕುಗ್ಗುತ್ತದೆ. "ಮನಸ್ಸು ಸರಿಯಾದ ಮೇಲೆ ಹೋಗ್ತೇನೆ" ಎಂದು ಕಾಯುವವರಿಗೆ ಆ ದಿನ ಬರುವುದೇ ಇಲ್ಲ. ಇಲ್ಲಿ ಕ್ರಮ ತಿರುಗಿಸಬೇಕು. ಮೊದಲು ಮಾಡಿ, ಮನಸ್ಸು ಹಿಂದಿನಿಂದ ಬರುತ್ತದೆ.

ಇದು ಬರೀ ಹುರಿದುಂಬಿಸುವ ಮಾತಲ್ಲ. ಕಾರವಾರದಿಂದ ಕಾಳಿ ಸೇತುವೆ ದಾಟಿ ಸ್ವಲ್ಪ ಹೋದರೆ ಗೋವಾ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರು ಆರರಿಂದ ಎಂಟು ಭೇಟಿಗಳಲ್ಲಿ ಖಿನ್ನತೆ ಇದ್ದವರ ಜೊತೆ ಕೂತು, ದಿನಚರಿಯಲ್ಲಿ ಸಣ್ಣ ಸಣ್ಣ ಚಟುವಟಿಕೆ ಮತ್ತೆ ಸೇರಿಸಲು ನೆರವಾದರು. 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಹೀಗೆ ನೆರವು ಪಡೆದವರಲ್ಲಿ ಹೆಚ್ಚು ಜನ ಚೇತರಿಸಿಕೊಂಡಿದ್ದರು. ನಮ್ಮಂಥದೇ ಕಡಲು, ನಮ್ಮಂಥದೇ ಮಳೆ, ನಮ್ಮಂಥದೇ ಮನೆಗಳಲ್ಲಿ ನಡೆದ ಕೆಲಸ ಇದು. ಹಾಗಾಗಿ ನನಗೆ ಇದರ ಮೇಲೆ ವಿಶೇಷ ನಂಬಿಕೆ.

ಮನೆಯಲ್ಲೇ ಶುರುಮಾಡುವುದಾದರೆ ಮೊದಲ ವಾರ ಏನನ್ನೂ ಬದಲಿಸಬೇಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಏನು ಮಾಡಿದಿರಿ, ಆಗ ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂಕ ಎಂದಷ್ಟೇ ಬರೆಯಿರಿ. ವಾರದ ಕೊನೆಗೆ ನೋಡಿದರೆ ಎಲ್ಲ ಹೊತ್ತೂ ಒಂದೇ ಅಲ್ಲ ಎಂದು ಕಾಣುತ್ತದೆ. ದನಕ್ಕೆ ಹುಲ್ಲು ಹಾಕಿದಾಗ ಮೂರಿದ್ದದ್ದು ನಾಲ್ಕಾಗಿರುತ್ತದೆ, ಮಧ್ಯಾಹ್ನ ಮಲಗೇ ಇದ್ದಾಗ ಒಂದಕ್ಕೆ ಇಳಿದಿರುತ್ತದೆ. ಎರಡನೇ ವಾರ ನಾಲ್ಕಾದ ಕೆಲಸವನ್ನು ಸ್ವಲ್ಪ ಹೆಚ್ಚಿಸಿ. ಒಂದು ಖುಷಿಯದ್ದು, ಒಂದು ಮುಗಿಸಿದೆ ಎನ್ನಿಸುವಂಥದ್ದು, ಒಂದು ಇನ್ನೊಬ್ಬರ ಜೊತೆ ಮಾಡುವಂಥದ್ದು ಇರಲಿ. ಸಣ್ಣದಿರಲಿ. "ತೋಟ ಪೂರ್ತಿ ನೋಡಿ ಬರುತ್ತೇನೆ" ಬೇಡ, "ಬಾವಿಕಟ್ಟೆಯವರೆಗೆ ಹೋಗಿ ಬರುತ್ತೇನೆ" ಸಾಕು. ಹೊತ್ತು ಗೊತ್ತುಮಾಡಿ, ಜೊತೆಗೊಬ್ಬರಿದ್ದರೆ ಇನ್ನೂ ಒಳ್ಳೆಯದು. ಕಾರವಾರದವರಿಗೆ ಸಂಜೆ ಟಾಗೋರ್ ಕಡಲತೀರದ ನಡಿಗೆ ಇದೆ, ಖರ್ಚಿಲ್ಲದ್ದು.

ಮೊದಮೊದಲು ಮಾಡಿದ್ದರಲ್ಲಿ ಸಂತೋಷ ಸಿಗುವುದಿಲ್ಲ. ಅದು ಕಾಯಿಲೆಯ ಲಕ್ಷಣ, ನಿಮ್ಮ ಸೋಲಲ್ಲ. ಮನೆಯವರು "ಇಷ್ಟೇನಾ ಮಾಡಿದ್ದು" ಎಂದು ಅನ್ನದಿದ್ದರೆ ಅದೇ ದೊಡ್ಡ ಉಪಕಾರ.

ಹಂತ 7: ವೈದ್ಯರ ಹತ್ತಿರ ಹೋಗಿ

ಎರಡು ವಾರಕ್ಕಿಂತ ಹೆಚ್ಚು ಕಾಲ ಕುಗ್ಗಿದ್ದರೆ, ಹಂತ 1ರ ಒಂಬತ್ತು ಪ್ರಶ್ನೆಗಳ ಅಂಕ 10 ಅಥವಾ ಹೆಚ್ಚಿದ್ದರೆ, ಕೆಲಸಕ್ಕೋ ಊಟಕ್ಕೋ ತೊಂದರೆಯಾಗುತ್ತಿದ್ದರೆ ಮೇಲಿನ ಹಂತಗಳನ್ನೇ ನಂಬಿ ಕೂರಬೇಡಿ.

ನಮ್ಮ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು, ನ್ಯಾಯವಾದದ್ದೂ ಹೌದು. ಆದರೆ ಖಿನ್ನತೆಯ ಚಿಕಿತ್ಸೆಗೆ ಬಹುಪಾಲು ಜನ ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕಿಲ್ಲ. ಕಾರವಾರದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಎಲ್ಲರೂ ಹೇಳುವ ಕ್ರಿಮ್ಸ್ ಇದೆ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಕೊಡುವ ಮನೋಚೈತನ್ಯ ಕಾರ್ಯಕ್ರಮ ಕರ್ನಾಟಕದಲ್ಲಿ 2014ರಲ್ಲಿ ಶುರುವಾಯಿತು. ನಿಮ್ಮ ತಾಲೂಕಿಗೆ ಯಾವ ವಾರ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ, ಘಟ್ಟ ಇಳಿದು ಹತ್ತಿ ಸುಮ್ನೆ ವಾಪಸ್ ಬರುವುದು ತಪ್ಪುತ್ತದೆ. ಶಿರಸಿ, ಯಲ್ಲಾಪುರ, ಹಳಿಯಾಳದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ಇದೆ. ಎಲ್ಲಿಗೂ ಹೋಗಲಾಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ: 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಉಚಿತ ಸೇವೆ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆಯಿಂದಲೂ ಇಂಥದೇ ಲಕ್ಷಣ ಬರುತ್ತದೆ, ಪರೀಕ್ಷೆ ಮಾಡಿಸಬೇಕಾ ಕೇಳಿ. ಹಿಂದೆ ಯಾವಾಗಲಾದರೂ ದಿನಗಟ್ಟಲೆ ನಿದ್ದೆ ಬೇಡವಾಗಿ, ವಿಪರೀತ ಹುರುಪಿನಲ್ಲಿ ಮಾತು, ಖರ್ಚು ಜಾಸ್ತಿಯಾಗಿದ್ದರೆ ಅದನ್ನು ತಪ್ಪದೆ ಹೇಳಿ. ಕಾಯಿಲೆಯೂ ಬೇರೆ, ಔಷಧಿಯೂ ಬೇರೆಯಾಗುತ್ತದೆ. ಮಾತ್ರೆ ಕೊಟ್ಟರೆ ಮೊದಲ ವಾರ ಹೊಟ್ಟೆ ತೊಳೆಸಬಹುದು, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಇದು ಚಟ ಹಿಡಿಸುವ ಔಷಧಿಯಲ್ಲ. ಆದರೆ ಒಮ್ಮೆಗೇ ನಿಲ್ಲಿಸಬಾರದು. ಹುಷಾರಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸುತ್ತಾರೆ.

ದೇವಸ್ಥಾನದಲ್ಲಿ ಪ್ರಸಾದ ಕೇಳಿ, ಹರಕೆ ಹೊತ್ತು ನೆಮ್ಮದಿ ಆಗುವುದಾದರೆ ಅದನ್ನೂ ಮಾಡಿ. ಆಸ್ಪತ್ರೆಯ ದಿನ ಮಾತ್ರ ತಪ್ಪಿಸಬೇಡಿ.

ಮನೆಯವರು ಏನು ಹೇಳಬೇಕು, ಯಾವಾಗ ಕಾಯಬಾರದು

"ನಿನಗೇನು ಕಮ್ಮಿಯಾಗಿದೆ", "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಎಂಬ ಮಾತು ಬೇಡ. "ಆಯಿ, ನೀನು ಈಚೆಗೆ ಊಟಕ್ಕೇ ಕೂರುತ್ತಿಲ್ಲ. ನನಗೆ ಚಿಂತೆ ಆಗಿದೆ. ಮಂಗಳವಾರ ಇಬ್ಬರೂ ಸೇರಿ ಆಸ್ಪತ್ರೆಗೆ ಹೋಗಿ ಬರೋಣ, ಬಸ್ಸಿನ ಹೊತ್ತು ನಾನು ನೋಡ್ತೇನೆ" ಎಂದರೆ ಅದರಲ್ಲಿ ಕಂಡದ್ದೂ ಇದೆ, ಕಾಳಜಿಯೂ ಇದೆ, ಮುಂದಿನ ಹೆಜ್ಜೆಯೂ ಇದೆ. ದೂರದಲ್ಲಿರುವ ಮಕ್ಕಳು ಗೊತ್ತಾದ ಹೊತ್ತಿಗೆ ದಿನವೂ ಫೋನ್ ಮಾಡಿ. ಹಬ್ಬಕ್ಕೊಮ್ಮೆ ಗಂಟೆಗಟ್ಟಲೆ ಮಾತಾಡುವುದಕ್ಕಿಂತ ದಿನದ ಐದು ನಿಮಿಷ ಮೇಲು.

"ನಾನು ಇಲ್ಲದಿದ್ದರೆ ನಿಮಗೆಲ್ಲ ಸುಖ" ಎಂಬಂಥ ಮಾತು ಬಂದರೆ, ಇದ್ದಕ್ಕಿದ್ದಂತೆ ಕಾಗದಪತ್ರ ಹಂಚಲು ಹೊರಟರೆ, ನೇರವಾಗಿ ಕೇಳಿ: "ಸಾಯುವ ಯೋಚನೆ ಬರುತ್ತಿದೆಯಾ?" ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಕೇಳಿದವರು ಸಿಕ್ಕಿದರು ಎಂದು ಅನೇಕರಿಗೆ ಹಗುರವೇ ಆಗುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. ತೋಟದ ಕಳೆನಾಶಕ, ಕೀಟನಾಶಕಗಳನ್ನು ಮನೆಯಿಂದ ಹೊರಗೆ, ಬೇರೆಯವರ ಬೀಗದೊಳಗೆ ಸಾಗಿಸಿ. ಮಾತ್ರೆಗಳನ್ನು ನೀವೇ ಇಟ್ಟುಕೊಂಡು ದಿನದ್ದು ದಿನಕ್ಕೆ ಕೊಡಿ. 14416ಕ್ಕೆ ಫೋನ್ ಮಾಡಿ. ತುರ್ತಿದ್ದರೆ 108 ಅಥವಾ 112. ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಆರೈಕೆ ಒದಗಿಸುವುದು ಸರ್ಕಾರದ ಹೊಣೆ.

ಗುಣವಾದ ಮೇಲೆ

ಖಿನ್ನತೆ ಒಮ್ಮೆ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಇರುತ್ತದೆ. ನಿಮಗೆ ಮೊದಲು ಕೆಟ್ಟದ್ದು ಯಾವುದು ನೆನಪು ಮಾಡಿಕೊಳ್ಳಿ. ಕೆಲವರಿಗೆ ನಸುಕಿನಲ್ಲೇ ಎಚ್ಚರವಾಗುವುದು, ಕೆಲವರಿಗೆ ಫೋನ್ ಎತ್ತದಿರುವುದು, ಕೆಲವರಿಗೆ ಸಿಡುಕು. ಅದನ್ನು ಒಂದು ಚೀಟಿಯಲ್ಲಿ ಬರೆದು, ಜೊತೆಗೆ ನಂಬಿಕೆಯ ಇಬ್ಬರ ನಂಬರು, ಔಷಧಿಯ ಹೆಸರು, ಮುಂದಿನ ತಪಾಸಣೆಯ ದಿನ ಸೇರಿಸಿ. ಒಂದು ಪ್ರತಿ ನಿಮ್ಮ ಹತ್ತಿರ, ಇನ್ನೊಂದು ಮನೆಯವರ ಹತ್ತಿರ ಇರಲಿ. ಮಳೆಗಾಲದಲ್ಲಿ ಕುಗ್ಗುವವರಾದರೆ ಮೇ ತಿಂಗಳಲ್ಲೇ ವೈದ್ಯರನ್ನು ಒಮ್ಮೆ ಕಂಡು, ಜೂನ್ ಜುಲೈಗೆ ಸಾಕಾಗುವಷ್ಟು ಮಾತ್ರೆಗೆ ಚೀಟಿ ಬರೆಸಿಕೊಳ್ಳಿ. ರಸ್ತೆ ಬಂದಾದರೂ ಔಷಧಿ ತಪ್ಪಬಾರದು.